ಸಹಾಯ ಬೇಕು: ಎಂಜಿನ್ ಚಾಲೂ ಆದರೆ ಸ್ಪೀಕರಿನಲ್ಲಿ ಸಿಳ್ಳೆಯಂಥ ಸದ್ದು

ಎಲ್ಲರಿಗೂ ನಮಸ್ಕಾರ. ವಿಜಯಪುರದ ಅಂಗಡಿಯೊಂದರಲ್ಲಿ ನಮ್ಮ ಹಳೆಯ ಕಾರಿಗೆ ಆಂಪ್ಲಿಫೈಯರ್ ಮತ್ತು ಸಬ್‌ವೂಫರ್ ಹಾಕಿಸಿದ ಮೇಲೆ, ಎಂಜಿನ್ ಚಾಲೂ ಆದ ಕೂಡಲೇ ಸ್ಪೀಕರುಗಳಲ್ಲಿ ಸಿಳ್ಳೆಯಂಥ ಸದ್ದು ಶುರುವಾಗುತ್ತದೆ. ಆಕ್ಸಿಲರೇಟರ್ ಒತ್ತಿದಷ್ಟೂ ಅದು ಏರುತ್ತದೆ, ಎಂಜಿನ್ ಬಂದ್ ಮಾಡಿ ಬರೀ ಬ್ಯಾಟರಿಯ ಮೇಲೆ ಹಾಡು ಹಚ್ಚಿದರೆ ಸ್ವಲ್ಪವೂ ಇರುವುದಿಲ್ಲ. ಹೀಗಾಗಿ ಇದರ ಮೂಲ ಆಲ್ಟರ್ನೇಟರ್ (ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಯಂತ್ರ) ಎಂಬುದರಲ್ಲಿ ಅನುಮಾನವಿಲ್ಲ, ಆದರೆ ಆ ಸದ್ದು ಒಳಗೆ ನುಗ್ಗುತ್ತಿರುವ ದಾರಿ ಯಾವುದೆಂದು ತಿಳಿಯುತ್ತಿಲ್ಲ.

ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 14.1 ವೋಲ್ಟ್ ಇರುವುದರಿಂದ ಚಾರ್ಜಿಂಗ್ ಸರಿಯಾಗಿದೆ. ಆಂಪ್ಲಿಫೈಯರಿನಿಂದ ಆರ್‌ಸಿಎ ಕೇಬಲ್ (ಸ್ಟೀರಿಯೋದಿಂದ ಹಾಡಿನ ಸಿಗ್ನಲ್ ತರುವ ವೈರು) ಬಿಚ್ಚಿದರೆ ಸದ್ದು ಪೂರ್ತಿ ನಿಲ್ಲುತ್ತದೆ. ಡಿಕ್ಕಿಯಲ್ಲಿ ಆಂಪ್ಲಿಫೈಯರಿನ ಅರ್ಥಿಂಗ್ ವೈರನ್ನು (ಕಾರಿನ ಲೋಹದ ಮೈಗೆ ಜೋಡಿಸುವುದು) ಬಣ್ಣ ಕೆರೆಯದೆಯೇ ಒಂದು ಬೋಲ್ಟಿಗೆ ಬಿಗಿದಿದ್ದಾರೆ. ಸಾಲದ್ದಕ್ಕೆ, ಬ್ಯಾಟರಿಯಿಂದ ಬಂದ ದಪ್ಪ ಕೆಂಪು ವೈರನ್ನೂ ಆರ್‌ಸಿಎ ಕೇಬಲನ್ನೂ ಎಡಬದಿಯ ನೆಲಹಾಸಿನಡಿ ಒಂದೇ ಕಟ್ಟಿನಲ್ಲಿ ಒಯ್ದು, ನಡುನಡುವೆ ಟೇಪು ಸುತ್ತಿದ್ದಾರೆ. ಸದ್ದು ತಡೆಯುವ ಫಿಲ್ಟರ್ ಕೂಡಿಸಿದರೆ ಮುಗಿಯಿತು ಎಂಬುದು ಅಂಗಡಿಯವರ ಮಾತು. ದೋಷವನ್ನು ಹುಡುಕದೆ ಮುಚ್ಚಿಹಾಕುವ ಆ ಉಪಾಯ ನನಗೆ ಒಪ್ಪಿಗೆಯಿಲ್ಲ.

ಮೊದಲು ಅರ್ಥಿಂಗನ್ನು ಕೆರೆದ ಲೋಹಕ್ಕೆ ಬಿಗಿಯಬೇಕೋ, ಕೇಬಲನ್ನು ಬಲಬದಿಗೆ ಸರಿಸಬೇಕೋ, ಅಥವಾ ಸ್ಟೀರಿಯೋ ಹಿಂದಿನ ಕಪ್ಪು (ಅರ್ಥಿಂಗ್) ವೈರನ್ನು ಪರೀಕ್ಷಿಸಬೇಕೋ, ಬಲ್ಲವರು ದಯವಿಟ್ಟು ತಿಳಿಸಿ. ವಿಜಯಪುರ ಇಲ್ಲವೇ ಬಾಗಲಕೋಟೆಯಲ್ಲಿ ಮಲ್ಟಿಮೀಟರ್ ಹಿಡಿದು ನೋಡುವ ಆಟೋ ಇಲೆಕ್ಟ್ರಿಷಿಯನ್ ಗೊತ್ತಿದ್ದರೆ ಅದನ್ನೂ ಹೇಳಿ.