ಕಾಲೇಜು ಆವರಣದ ಪರಾಗಸ್ಪರ್ಶಕ ಕೀಟಗಳಿಗೆ ಜೇನುಪೆಟ್ಟಿಗೆ ಇಟ್ಟರೆ ಸಾಕೇ?

ಪ್ರಶ್ನೆ: ನಿಸರ್ಗ ಸಂಘದ ಸಂಚಾಲಕಿ

ನಾನು ಪದವಿ ಕಾಲೇಜೊಂದರಲ್ಲಿ ಅಧ್ಯಾಪಕಿ. ನಿಸರ್ಗ ಸಂಘದ ಹೊಣೆಯೂ ನನ್ನ ಮೇಲಿದೆ. ಜೇನು, ಚಿಟ್ಟೆ, ದುಂಬಿಗಳನ್ನು ಉಳಿಸಿಕೊಳ್ಳಲು ಆವರಣದಲ್ಲಿ ಏನಾದರೂ ಮಾಡಬೇಕೆಂದು ವಿದ್ಯಾರ್ಥಿಗಳು ಮನವಿ ಕೊಟ್ಟಾಗ ಆಡಳಿತ ಮಂಡಳಿಯವರು ಸಂತೋಷದಿಂದಲೇ ಒಪ್ಪಿ, ಗ್ರಂಥಾಲಯದ ಹಿಂದಿನ ಖಾಲಿ ಜಾಗವನ್ನು ಬಿಟ್ಟುಕೊಟ್ಟಿದ್ದಾರೆ. ಅಲ್ಲಿ ನಾಲ್ಕಾರು ಜೇನುಪೆಟ್ಟಿಗೆಗಳನ್ನಿಟ್ಟು, ಮುಂದೆ ಬಣ್ಣಬಣ್ಣದ ಹೂಗಿಡಗಳ ಮಡಿ ಮಾಡಿ, ಒಂದು ಫಲಕ ನಿಲ್ಲಿಸುವುದು ಸದ್ಯದ ಯೋಜನೆ.

ಆದರೆ ಇದೇ ಆವರಣದಲ್ಲಿ ಹುಲ್ಲುಹಾಸಿಗೆ ಆಗಾಗ ಕಳೆನಾಶಕ ಹೊಡೆಯುತ್ತಾರೆ, ಸೊಳ್ಳೆ ಹೆಚ್ಚಾದಾಗ ಸಂಜೆಯ ಹೊತ್ತು ಹೊಗೆ ಬಿಡುತ್ತಾರೆ, ಮೇಲಿನ ಮಹಡಿಯ ಸಜ್ಜಾದ ಕೆಳಗೆ ಪ್ರತಿವರ್ಷ ಬಂದು ಕೂರುವ ಹೆಜ್ಜೇನಿನ ಹುಟ್ಟಿಗೆ ರಾತ್ರಿ ಔಷಧಿ ಹೊಡೆಸಿ ಕೆಡವುತ್ತಾರೆ. ಇವೆಲ್ಲ ಹೀಗೆಯೇ ಮುಂದುವರಿಯುವಾಗ ಒಂದು ಮೂಲೆಯ ಪೆಟ್ಟಿಗೆಗಳಿಂದ ಏನು ಪ್ರಯೋಜನ ಎಂಬ ಪ್ರಶ್ನೆ ನನ್ನನ್ನು ಕಾಡುತ್ತಿದೆ. ಪೆಟ್ಟಿಗೆಗಳು ನಿಜಕ್ಕೂ ಬೇಕೇ, ಎಂಥ ಗಿಡಗಳನ್ನು ಹಾಕಬೇಕು, ಹೆಜ್ಜೇನಿನ ವಿಷಯದಲ್ಲಿ ವಿದ್ಯಾರ್ಥಿಗಳ ಸುರಕ್ಷತೆಯನ್ನು ಹೇಗೆ ನೋಡಿಕೊಳ್ಳಬೇಕು ಎಂಬುದನ್ನು ಅನುಭವವಿದ್ದವರು ದಯವಿಟ್ಟು ತಿಳಿಸಬೇಕು.

ಉತ್ತರ: ಕೀಟಶಾಸ್ತ್ರದ ಸಂಶೋಧನಾ ವಿದ್ಯಾರ್ಥಿ

ಮೇಡಂ, ಜೇನುಪೆಟ್ಟಿಗೆ ಇಡುವುದು ಜೇನು ಸಾಕಣೆಯೇ ಹೊರತು ಪರಾಗಸ್ಪರ್ಶಕಗಳ ಸಂರಕ್ಷಣೆಯಲ್ಲ. ಇವೆರಡನ್ನೂ ಒಂದೇ ಎಂದು ತಿಳಿಯುವುದರಿಂದಲೇ ಅನೇಕ ಕಡೆ ಒಳ್ಳೆಯ ಉದ್ದೇಶದ ಕೆಲಸ ದಾರಿ ತಪ್ಪುತ್ತದೆ. ಜಗತ್ತಿನಲ್ಲಿ ಇದುವರೆಗೆ ಗುರುತಿಸಲಾಗಿರುವ ಜೇನುನೊಣಗಳ ಪ್ರಭೇದಗಳು ಸುಮಾರು 20,000. ಅವುಗಳಲ್ಲಿ ಪೆಟ್ಟಿಗೆಯಲ್ಲಿಟ್ಟು ಸಾಕಬಹುದಾದವು ತೀರಾ ಕೆಲವು. ಉಳಿದವುಗಳಲ್ಲಿ ಬಹುಪಾಲು ಒಂಟಿ ಜೇನುಗಳು. ಅಲ್ಲಿ ರಾಣಿಯೂ ಇಲ್ಲ, ಕೆಲಸಗಾರರೂ ಇಲ್ಲ. ಪ್ರತಿಯೊಂದು ಹೆಣ್ಣೂ ತಾನೇ ಗೂಡು ಮಾಡಿ, ಪರಾಗ ಮತ್ತು ಮಕರಂದವನ್ನು ಕಲಸಿ ಉಂಡೆ ಮಾಡಿಟ್ಟು, ಅದರ ಮೇಲೊಂದು ಮೊಟ್ಟೆಯಿಟ್ಟು, ಕೋಣೆಯ ಬಾಯಿ ಮುಚ್ಚಿ ಮುಂದಿನ ಕೋಣೆಯ ಕೆಲಸಕ್ಕೆ ತೊಡಗುತ್ತದೆ.

ಸಾಕುಜೇನು ಕಿಲೋಮೀಟರುಗಟ್ಟಲೆ ಹಾರಿ ಮೇವು ಹುಡುಕಬಲ್ಲದು, ಆದರೆ ಚಿಕ್ಕ ಒಂಟಿ ಜೇನಿನ ಓಡಾಟ ಸಾಮಾನ್ಯವಾಗಿ ಗೂಡಿನಿಂದ ಕೆಲವು ನೂರು ಮೀಟರಿನೊಳಗೇ ಮುಗಿಯುತ್ತದೆ. ನಿಮ್ಮ ಆವರಣದಲ್ಲಿ ಮೇವು ಸಿಗದಿದ್ದರೆ ಅದಕ್ಕೆ ಬೇರೆ ಕಡೆ ಹೋಗುವ ದಾರಿಯೇ ಇಲ್ಲ. ಇಂಥ ಜಾಗಕ್ಕೆ ಸಾವಿರಾರು ಸಾಕುನೊಣಗಳನ್ನು ತಂದುಬಿಟ್ಟರೆ, ಇರುವ ಅಷ್ಟಿಷ್ಟು ಹೂವಿಗೆ ಪೈಪೋಟಿ ಹೆಚ್ಚುತ್ತದೆ. ಒಂದೇ ಹೂವಿಗೆ ಎರಡೂ ಬಂದು ಹೋಗುವುದರಿಂದ, ರೆಕ್ಕೆಗಳನ್ನು ಮುರುಟಿಸುವ ವೈರಸ್ಸಿನಂಥ ರೋಗಗಳೂ ದಾಟಬಲ್ಲವು.

ಇನ್ನು ಆ ಖಾಲಿ ಜಾಗದ ವಿಷಯ. ಜೇನುಗಳ ಪ್ರಭೇದಗಳಲ್ಲಿ ಸುಮಾರು ಶೇಕಡಾ 70ರಷ್ಟು ನೆಲದೊಳಗೆ ಗೂಡು ಮಾಡುವಂಥವು. ಅವಕ್ಕೆ ಬೇಕಾಗಿರುವುದು ಬಿಸಿಲು ಬೀಳುವ, ನೀರು ನಿಲ್ಲದ, ಯಾರೂ ಅಗೆಯದ ಬರಿನೆಲ. ಗ್ರಂಥಾಲಯದ ಹಿಂದೆ ಮಡಿ ಮಾಡುವ ಮೊದಲು ಬಿಸಿಲು ಏರಿದ ಮೇಲೆ ಅಲ್ಲಿ ಕುಳಿತು ನೆಲವನ್ನು ನೋಡಿ: ಪೆನ್ಸಿಲಿನಷ್ಟೇ ಅಗಲದ ತೂತುಗಳು, ಅವುಗಳ ಸುತ್ತ ಹೊಸದಾಗಿ ಹೊರಹಾಕಿದ ನುಣುಪು ಮಣ್ಣಿನ ಸಣ್ಣ ಗುಪ್ಪೆ ಕಾಣಿಸಿದರೆ ಅದು ಇರುವೆಯ ಗೂಡೇ ಆಗಬೇಕೆಂದಿಲ್ಲ. ಸ್ವಲ್ಪ ಹೊತ್ತು ಕಾದರೆ ಹಿಂಗಾಲಿಗೆ ಹಳದಿ ಪರಾಗ ಮೆತ್ತಿಕೊಂಡ ಜೇನು ನೇರವಾಗಿ ಬಂದು ಒಳಗೆ ಇಳಿಯುವುದನ್ನು ಕಾಣಬಹುದು. ಅಂಥ ನೆಲವನ್ನು ಅಗೆದು, ಗೊಬ್ಬರ ತುಂಬಿ, ಮೇಲೆ ದಪ್ಪ ಹೊದಿಕೆ ಹಾಸಿ ಹೂಗಿಡ ನೆಟ್ಟರೆ, ಜೇನಿಗಾಗಿ ಮಾಡಿದ ತೋಟವೇ ಜೇನಿನ ಮನೆಯನ್ನು ಕೆಡಿಸಿದಂತಾಗುತ್ತದೆ. ಆದ್ದರಿಂದ ಅರ್ಧ ಜಾಗವನ್ನಾದರೂ ಇದ್ದಹಾಗೆಯೇ ಬಿಡಬೇಕೆಂಬುದು ನನ್ನ ಬಲವಾದ ಅಭಿಪ್ರಾಯ.

ಸಾಕುಜೇನಿನಿಂದ ಆಗದ, ಒಂಟಿ ಜೇನುಗಳು ಮಾಡುವ ಕೆಲಸಗಳೂ ಇವೆ. ಬದನೆ ಹೂವಿನ ಪರಾಗಕೋಶ ಉದ್ದಕ್ಕೆ ಬಿರಿಯುವುದಿಲ್ಲ. ತುದಿಯ ಸಣ್ಣ ರಂಧ್ರದ ಮೂಲಕವೇ ಪರಾಗ ಹೊರಬರಬೇಕು. ನೀಲಿಪಟ್ಟೆ ಜೇನು ಆ ಹೂವನ್ನು ಅಪ್ಪಿ ಹಿಡಿದು, ರೆಕ್ಕೆ ಬಿಚ್ಚದೆ ಹಾರಾಟದ ಸ್ನಾಯುಗಳನ್ನಷ್ಟೇ ಅದುರಿಸಿ ಪರಾಗವನ್ನು ಉದುರಿಸಿಕೊಳ್ಳುತ್ತದೆ. ಸಾಕುಜೇನಿಗೆ ಈ ವಿದ್ಯೆ ಇಲ್ಲ. ಹಾಗೆಯೇ ಗುಲಾಬಿ ಎಲೆಯ ಅಂಚಿನಲ್ಲಿ ಕತ್ತರಿಯಿಂದ ತೆಗೆದಂತೆ ದುಂಡನೆಯ ತುಂಡುಗಳು ಮಾಯವಾಗಿದ್ದರೆ ಅದು ಎಲೆ ಕತ್ತರಿಸುವ ಜೇನಿನ ಕೆಲಸ. ಆ ತುಂಡುಗಳನ್ನು ಅದು ಗೂಡಿನ ಕೋಣೆಗಳಿಗೆ ಗೋಡೆಯಾಗಿ ಸುತ್ತುತ್ತದೆ. ಗಿಡಕ್ಕೆ ಇದರಿಂದ ಹೇಳಿಕೊಳ್ಳುವಂಥ ಹಾನಿಯಿಲ್ಲ. ಅದನ್ನು ಹುಳುಬಾಧೆ ಎಂದು ತಿಳಿದು ಔಷಧಿ ಹೊಡೆಯದಂತೆ ತೋಟದ ಕೆಲಸದವರಿಗೆ ಒಮ್ಮೆ ತೋರಿಸಿಕೊಟ್ಟರೆ ಸಾಕು.

ಮರದ ದಿಮ್ಮಿಗೆ ತೂತು ಕೊರೆದು ಮಾಡುವ ಜೇನುಗೂಡುಗಳ ಬಗ್ಗೆಯೂ ಯಾರಾದರೂ ಸೂಚಿಸಬಹುದು. ತೂತುಗಳ ಅಗಲ 2ರಿಂದ 10 ಮಿಲಿಮೀಟರಿನೊಳಗೆ ಬೇರೆ ಬೇರೆಯಾಗಿದ್ದು, ಹಿಂಬದಿ ಮುಚ್ಚಿದ್ದು, ಮಳೆ ತಾಗದಂತಿದ್ದರೆ ಅವು ಪಾಠಕ್ಕೆ ಒಳ್ಳೆಯವೇ. ಆದರೆ ಕಾಲಕಾಲಕ್ಕೆ ಬದಲಿಸದಿದ್ದರೆ ಪರೋಪಜೀವಿಗಳ ತಾಣವಾಗುತ್ತವೆ. ಒಣಗಿದ ಬಿದಿರು, ಸತ್ತ ಕೊಂಬೆಗಳನ್ನು ಅಪಾಯವಿಲ್ಲದ ಕಡೆ ಹಾಗೆಯೇ ಬಿಟ್ಟರೂ ಅದೇ ಕೆಲಸವಾಗುತ್ತದೆ.

ಉತ್ತರ: ತೋಟದ ಮೇಲ್ವಿಚಾರಕ

ಮೇಲಿನ ಮಾತುಗಳನ್ನು ಪೂರ್ತಿಯಾಗಿ ಒಪ್ಪುತ್ತೇನೆ. ಶಿಕ್ಷಣ ಸಂಸ್ಥೆಯೊಂದರ ತೋಟದ ನಿರ್ವಹಣೆ ನೋಡಿಕೊಳ್ಳುವವನಾಗಿ ನಾನು ಹೇಳಬೇಕಾದದ್ದು ಗುತ್ತಿಗೆಯ ಕಾಗದದ ಬಗ್ಗೆ. ನಿರ್ವಹಣೆ ಗುತ್ತಿಗೆಯಲ್ಲಿ ಸಾಮಾನ್ಯವಾಗಿ ತಿಂಗಳಿಗೆ ಇಷ್ಟು ಸಲ ಹುಲ್ಲು ಕತ್ತರಿಸಬೇಕು, ಇಷ್ಟು ಸಲ ಔಷಧಿ ಹೊಡೆಯಬೇಕು ಎಂದು ಬರೆದಿರುತ್ತದೆ, ಮತ್ತು ಬಿಲ್ ಪಾಸಾಗುವುದು ಆ ಲೆಕ್ಕದ ಮೇಲೆಯೇ. ಹೀಗಿರುವಾಗ ಹುಳು ಇರಲಿ ಬಿಡಲಿ, ಹುಲ್ಲು ಬೆಳೆದಿರಲಿ ಬಿಡಲಿ, ಕೆಲಸ ಮಾತ್ರ ನಡೆದೇ ತೀರುತ್ತದೆ. ನಿಮ್ಮ ಸಂಘದ ಮೊದಲ ಮನವಿ ಪೆಟ್ಟಿಗೆಗಾಗಿ ಅಲ್ಲ, ಆ ಕಲಮಿನ ತಿದ್ದುಪಡಿಗಾಗಿ ಇರಲಿ: ರೋಗ ಅಥವಾ ಕೀಟಬಾಧೆ ಕಣ್ಣಿಗೆ ಕಂಡು, ಹೊಣೆಯುಳ್ಳವರೊಬ್ಬರು ಲಿಖಿತ ಅನುಮತಿ ಕೊಟ್ಟ ಮೇಲೆ ಮಾತ್ರ ಸಿಂಪರಣೆ, ಹೂಬಿಟ್ಟ ಗಿಡಕ್ಕೆ ಯಾವ ಕಾರಣಕ್ಕೂ ಕೀಟನಾಶಕವಿಲ್ಲ.

ಹುಲ್ಲುಹಾಸು ಪೂರ್ತಿ ತೆಗೆಯಬೇಕಾಗಿಲ್ಲ. ಆಟದ ಮೈದಾನ, ಮುಖ್ಯದ್ವಾರದ ಎದುರಿನ ಹಾಸು ಈಗಿನಂತೆಯೇ ಇರಲಿ. ಯಾರೂ ಕೂರದ, ನಡೆಯದ ಅಂಚುಗಳಲ್ಲಿ ತುಂಬೆ, ನಾಚಿಕೆಮುಳ್ಳಿನಂಥವು ಹೂಬಿಟ್ಟು ಮುಗಿಯುವವರೆಗೆ ಯಂತ್ರ ಹಾಯಿಸಬೇಡಿ. ಅಂಚಿನ ಎಲ್ಲ ಭಾಗವನ್ನೂ ಒಂದೇ ದಿನ ಕತ್ತರಿಸದೆ ಸರದಿಯ ಮೇಲೆ ಕತ್ತರಿಸಿದರೆ ಎಲ್ಲಾದರೂ ಒಂದು ಕಡೆ ಹೂವು ಇದ್ದೇ ಇರುತ್ತದೆ. ಬೇಲಿಗಿಡಗಳನ್ನು ಸದಾ ಚೌಕಾಕಾರಕ್ಕೆ ಸವರುತ್ತಿದ್ದರೆ ಮೊಗ್ಗು ಬಿಡುವ ಎಳೆಯ ರೆಂಬೆಯೇ ಉಳಿಯುವುದಿಲ್ಲ, ಅದೂ ನೆನಪಿರಲಿ.

ಗಿಡಗಳ ಆಯ್ಕೆಯಲ್ಲಿ ಬಣ್ಣಕ್ಕಿಂತ ಹೂವಿನ ರಚನೆ ಮುಖ್ಯ. ಮುದ್ದೆ ದಾಸವಾಳದಂಥ ಬಹುಸುತ್ತಿನ ಹೂಗಳಲ್ಲಿ ಕೇಸರಗಳೇ ಎಸಳುಗಳಾಗಿ ಮಾರ್ಪಟ್ಟಿರುವುದರಿಂದ ಪರಾಗ ಕಡಿಮೆ, ಮಕರಂದಕ್ಕೆ ದಾರಿಯೂ ಮುಚ್ಚಿಹೋಗಿರುತ್ತದೆ. ಒಂಟಿ ಸುತ್ತಿನ ತಳಿಗಳನ್ನೇ ಆರಿಸಿ. ಹಾಗೆ ನೋಡಿದರೆ ಹೂಮಡಿಗಿಂತ ಮರಗಳೇ ದೊಡ್ಡ ಆಸರೆ. ಒಂದು ಹೊಂಗೆ ಅಥವಾ ನೇರಳೆ ಮರ ಹೂಬಿಟ್ಟಾಗ ಕೊಡುವಷ್ಟು ಮೇವನ್ನು ಗ್ರಂಥಾಲಯದ ಹಿಂದಿನ ಇಡೀ ಮಡಿ ಕೊಡಲಾರದು. ವಾಹನ ನಿಲುಗಡೆಗೆಂದು ಮರ ಕಡಿಯುವ ಪ್ರಸ್ತಾಪ ಬಂದರೆ ಸಂಘ ಎದ್ದುನಿಂತು ಮಾತನಾಡಬೇಕಾದದ್ದು ಆಗ.

ಸಸ್ಯಾಗಾರದಿಂದ ಗಿಡ ತರುವಾಗ ಯಾವ ಔಷಧಿ ಕೊಟ್ಟಿದ್ದಾರೆಂದು ಕೇಳಿ ತಿಳಿಯಿರಿ. ನಿಯೋನಿಕೊಟಿನಾಯ್ಡ್ ಗುಂಪಿನ ಕೀಟನಾಶಕಗಳು ಬೇರಿನ ಮೂಲಕ ಗಿಡದೊಳಗೆ ಸೇರಿ ಪರಾಗ, ಮಕರಂದಗಳಿಗೂ ತಲುಪುತ್ತವೆ. ಮೇಲೆ ಎಷ್ಟು ತೊಳೆದರೂ ಹೋಗುವುದಿಲ್ಲ. ಈ ಗುಂಪಿನ ಇಮಿಡಾಕ್ಲೋಪ್ರಿಡ್, ಕ್ಲೋಥಿಯಾನಿಡಿನ್, ಥಯಾಮೆಥಾಕ್ಸಾಮ್‌ಗಳನ್ನು ತೆರೆದ ಬಯಲಿನಲ್ಲಿ ಬಳಸುವುದನ್ನು ಯುರೋಪಿಯನ್ ಒಕ್ಕೂಟ 2018ರಲ್ಲಿ ನಿಷೇಧಿಸಿದ್ದು ಜೇನುಗಳಿಗಾಗುವ ಹಾನಿಯ ಕಾರಣದಿಂದಲೇ.

ಉತ್ತರ: ಜೇನು ಕೃಷಿಕ

ಪೆಟ್ಟಿಗೆಯ ವಿಷಯದಲ್ಲಿ ನನ್ನದು ಸ್ವಲ್ಪ ಭಿನ್ನ ಅಭಿಪ್ರಾಯ. ನಾಲ್ಕಾರು ಬೇಡ ಎಂಬುದು ಸರಿ. ಆದರೆ ನಿಯಮಿತವಾಗಿ ನೋಡಿಕೊಳ್ಳಲು ತರಬೇತಿ ಪಡೆದವರಿದ್ದರೆ, ವಿದ್ಯಾರ್ಥಿಗಳು ಜೇನಿನ ಬದುಕನ್ನು ಕಣ್ಣಾರೆ ಕಾಣಲು ತುಡುವೆಯ ಒಂದೇ ಒಂದು ಪೆಟ್ಟಿಗೆಯನ್ನು ಪಾಠದ ಸಾಧನವಾಗಿ ಇಡುವುದರಲ್ಲಿ ತಪ್ಪಿಲ್ಲ. ರಜೆಯಲ್ಲಿ ನೋಡುವವರಿಲ್ಲದಿದ್ದರೆ ಅದನ್ನೂ ಇಡಬೇಡಿ.

ಹೆಜ್ಜೇನಿನ ಬಗ್ಗೆ ವಿವರವಾಗಿ ಹೇಳಲೇಬೇಕು. ಅದು ಪೆಟ್ಟಿಗೆಗೆ ಒಗ್ಗುವ ಜೇನಲ್ಲ. ಎತ್ತರದಲ್ಲಿ ಒಂದೇ ದೊಡ್ಡ ಎರಿಯನ್ನು ಬಯಲಿಗೇ ಕಟ್ಟುತ್ತದೆ, ಹೂವಿನ ಕಾಲ ಮುಗಿದಾಗ ತಾನಾಗಿಯೇ ಬಿಟ್ಟು ವಲಸೆ ಹೋಗುತ್ತದೆ, ಮುಂದಿನ ಕಾಲದಲ್ಲಿ ಬಹಳ ಸಲ ಅದೇ ಜಾಗಕ್ಕೆ ಮರಳುತ್ತದೆ. ಔಷಧಿ ಹೊಡೆದು ಕೆಡವಿದರೆ ಆ ಕುಟುಂಬ ಸಾಯುತ್ತದೆ, ಆದರೆ ಜಾಗ ಹಿಡಿಸಿದ ಬೇರೊಂದು ಕುಟುಂಬ ಬಂದು ಕೂರುವುದನ್ನು ಅದು ತಪ್ಪಿಸುವುದಿಲ್ಲ. ಕೆಡವಿದ ಮೇಲೆ ಚದುರಿದ ನೊಣಗಳೇ ಹೆಚ್ಚು ಅಪಾಯಕಾರಿ.

ಮೇಲಿನ ಮಹಡಿಯಲ್ಲಿ, ಕೈಗೆ ಎಟುಕದ ಕಡೆ ಇರುವ ಹುಟ್ಟನ್ನು ಅದರ ಪಾಡಿಗೆ ಬಿಟ್ಟು, ಸುತ್ತಲಿನ ನಮ್ಮ ನಡವಳಿಕೆಯನ್ನು ಬದಲಿಸಿಕೊಳ್ಳುವುದೇ ಸರಿಯಾದ ದಾರಿ. ಹತ್ತಿರದ ಕಿಟಕಿಗಳನ್ನು ಮುಚ್ಚಿಡಿ ಅಥವಾ ಸಣ್ಣ ಕಣ್ಣಿನ ಜಾಲರಿ ಹಾಕಿಸಿ. ಕೆಳಗೆ ಕಸ ಸುಡುವುದು, ಪಟಾಕಿ ಹಚ್ಚುವುದು, ಕಲ್ಲೆಸೆಯುವುದು ಕಟ್ಟುನಿಟ್ಟಾಗಿ ನಿಲ್ಲಬೇಕು. ಹುಟ್ಟು ಇರುವಷ್ಟು ದಿನ ಆ ಬದಿಯಲ್ಲಿ ಪೇಂಟಿಂಗ್, ಡ್ರಿಲ್ಲಿಂಗ್ ಕೆಲಸವನ್ನು ಮುಂದೂಡಬೇಕು. ಹುಟ್ಟು ಮೆಟ್ಟಿಲಿಗೋ ತರಗತಿಯ ಬಾಗಿಲಿಗೋ ತೀರಾ ಸಮೀಪವಿದ್ದರೆ ಮಾತ್ರ, ವಿಷ ಬಳಸದೆ ಎಬ್ಬಿಸಿ ಕಳುಹಿಸಬಲ್ಲ ಅನುಭವಿಗಳನ್ನು ಕರೆಸಿ. ವಲಸೆ ಹೋದ ಮೇಲೆ ಆ ಜಾಗವನ್ನು ಜಾಲರಿಯಿಂದ ಮುಚ್ಚಿದರೆ ಮತ್ತೆ ಅಲ್ಲಿ ಕಟ್ಟುವುದಿಲ್ಲ.

ಜೇನು ಎದ್ದರೆ ಏನು ಮಾಡಬೇಕೆಂಬುದು ಎಲ್ಲರಿಗೂ ಗೊತ್ತಿರಬೇಕು. ಕೈ ಬೀಸಿ ಹೊಡೆಯಬಾರದು. ಕುಟುಕಿದ ಜಾಗದಿಂದ ಹೊಮ್ಮುವ ವಾಸನೆಯೇ ಉಳಿದವನ್ನು ಅಲ್ಲಿಗೆ ಕರೆಯುತ್ತದೆ. ಮುಖ, ತಲೆ ಮುಚ್ಚಿಕೊಂಡು ಓಡಿ, ಮುಚ್ಚಿದ ಕೋಣೆಯನ್ನು ಸೇರಬೇಕು, ಮುಳ್ಳನ್ನು ತಡಮಾಡದೆ ತೆಗೆಯಬೇಕು. ಉಸಿರಾಟಕ್ಕೆ ತೊಂದರೆ, ತುಟಿ ಮತ್ತು ಗಂಟಲಿನ ಊತ, ತಲೆಸುತ್ತು ಕಾಣಿಸಿದರೆ ಅಥವಾ ತುಂಬಾ ನೊಣಗಳು ಕುಟುಕಿದ್ದರೆ ಮನೆಮದ್ದು ಮಾಡುತ್ತ ಕೂರದೆ ಆ ಕ್ಷಣವೇ ಆಸ್ಪತ್ರೆಗೆ ಕರೆದೊಯ್ಯಬೇಕು. ಅಲರ್ಜಿ ಇರುವ ವಿದ್ಯಾರ್ಥಿಗಳು ಯಾರೆಂಬುದನ್ನು ಕಾಲೇಜು ಮೊದಲೇ ತಿಳಿದಿಟ್ಟುಕೊಂಡಿದ್ದರೆ ಆಡಳಿತ ಮಂಡಳಿಯ ಅರ್ಧ ಭಯ ಕಡಿಮೆಯಾಗುತ್ತದೆ.

ಮರುಪ್ರಶ್ನೆ: ನಿಸರ್ಗ ಸಂಘದ ಸಂಚಾಲಕಿ

ಎಲ್ಲರಿಗೂ ಕೃತಜ್ಞತೆಗಳು. ಗುತ್ತಿಗೆಯ ಕಲಮಿನ ಬಗ್ಗೆ ಪ್ರಾಂಶುಪಾಲರೊಂದಿಗೆ ಮಾತನಾಡುತ್ತೇನೆ. ಸೊಳ್ಳೆಯ ಹೊಗೆ ಮಾತ್ರ ಆರೋಗ್ಯದ ಪ್ರಶ್ನೆಯಾದ್ದರಿಂದ ನಿಲ್ಲಿಸಿ ಎಂದು ಹೇಳುವುದು ಕಷ್ಟ. ವಿದ್ಯಾರ್ಥಿನಿಲಯದಲ್ಲಿ ನೂರಾರು ಮಂದಿ ಇದ್ದಾರೆ. ಮತ್ತೆ, ಈ ಬದಲಾವಣೆಗಳಿಂದ ಉಪಯೋಗವಾಯಿತೆಂದು ಮಂಡಳಿಗೆ ತೋರಿಸುವುದು ಹೇಗೆ?

ಉತ್ತರ: ಸಸ್ಯಶಾಸ್ತ್ರ ಅಧ್ಯಾಪಕಿ

ಸೊಳ್ಳೆಯನ್ನು ನಿಯಂತ್ರಿಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೊಗೆ ಕೊಲ್ಲುವುದು ಆ ಹೊತ್ತಿಗೆ ಹಾರುತ್ತಿರುವ ಸೊಳ್ಳೆಗಳನ್ನು ಮಾತ್ರ. ನಿಂತ ನೀರಿನಲ್ಲಿರುವ ಮರಿಗಳು ಕೆಲವೇ ದಿನಗಳಲ್ಲಿ ರೆಕ್ಕೆ ಬಿಚ್ಚುತ್ತವೆ. ತಾರಸಿ, ಕೂಲರ್, ಕುಂಡದ ತಟ್ಟೆ, ಹಳೆಯ ಟೈರುಗಳ ನೀರನ್ನು ವಾರಕ್ಕೊಮ್ಮೆ ಚೆಲ್ಲಿಸಿ, ಟ್ಯಾಂಕುಗಳಿಗೆ ಮುಚ್ಚಳ ಹಾಕಿಸಿ, ಖಾಲಿ ಮಾಡಲಾಗದ ಕೊಳ, ಚರಂಡಿಗಳಿಗೆ ಬಿಟಿಐ ಎಂದು ಕರೆಯುವ ಬ್ಯಾಕ್ಟೀರಿಯಾ ಆಧಾರಿತ ಔಷಧಿಯನ್ನು ಹಾಕಿಸಿ. ಅದು ಸೊಳ್ಳೆಯ ಮರಿಗಳನ್ನು ಕೊಲ್ಲುತ್ತದೆ, ಜೇನು, ಚಿಟ್ಟೆಗಳನ್ನು ಮುಟ್ಟುವುದಿಲ್ಲ. ರೋಗ ಹರಡಿದಾಗ ಆರೋಗ್ಯ ಇಲಾಖೆ ಹೇಳಿದರೆ ಹೊಗೆ ಬಿಡಲಿ. ವಾಡಿಕೆಯ ಕೆಲಸವಾಗಿ ಬೇಡ.

ಇಲ್ಲಿ ಯಾರೂ ಎತ್ತದ ಇನ್ನೊಂದು ವಿಷಯವೆಂದರೆ ದೀಪಗಳು. ರಾತ್ರಿ ಅರಳುವ ಹೂಗಳಿಗೆ ಪತಂಗಗಳೇ ಆಸರೆ. ಸ್ವಿಟ್ಜರ್ಲೆಂಡಿನ ಹುಲ್ಲುಗಾವಲುಗಳಲ್ಲಿ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಬೀದಿದೀಪ ಹಚ್ಚಿದ ಕಡೆ ರಾತ್ರಿ ಕೀಟಗಳು ಹೂವಿಗೆ ಬರುವುದು ಶೇಕಡಾ 62ರಷ್ಟು ಕಡಿಮೆಯಾಗಿತ್ತು. ಆವರಣದ ಅಲಂಕಾರದ ದೀಪಗಳನ್ನು ತಡರಾತ್ರಿ ಆರಿಸಿ, ದಾರಿದೀಪಗಳ ಬೆಳಕು ನೆಲಕ್ಕೆ ಮಾತ್ರ ಬೀಳುವಂತೆ ಮುಸುಕು ಹಾಕಿಸಿದರೆ ಸುರಕ್ಷತೆಗೂ ಧಕ್ಕೆಯಿಲ್ಲ.

ಇನ್ನು ಮಂಡಳಿಗೆ ತೋರಿಸುವ ಮಾತು. ಬ್ರಿಟನ್ನಿನಲ್ಲಿ ಸಾರ್ವಜನಿಕರೇ ನಡೆಸುವ ಸರಳ ಎಣಿಕೆಯೊಂದಿದೆ: 50 ಸೆಂಟಿಮೀಟರ್ ಚೌಕದೊಳಗಿನ ಹೂಗಳ ಮೇಲೆ 10 ನಿಮಿಷಗಳಲ್ಲಿ ಬಂದು ಕೂರುವ ಕೀಟಗಳನ್ನು ಗುಂಪಿನ ಹೆಸರಿನಲ್ಲಿ, ಅಂದರೆ ಸಾಕುಜೇನು, ಒಂಟಿ ಜೇನು, ಹೂನೊಣ, ಚಿಟ್ಟೆ, ದುಂಬಿ ಎಂದಷ್ಟೇ ಬರೆದುಕೊಳ್ಳುವುದು. ಪ್ರಭೇದದ ಹೆಸರು ಗೊತ್ತಿಲ್ಲದ ವಿದ್ಯಾರ್ಥಿಯೂ ಇದನ್ನು ಮಾಡಬಲ್ಲರು. ಫೋಟೋಗಳನ್ನು ಐನ್ಯಾಚುರಲಿಸ್ಟ್ ಎಂಬ ಜಾಲತಾಣಕ್ಕೆ ಹಾಕಿದರೆ ಹೆಸರು ಗುರುತಿಸಲು ಬಲ್ಲವರ ನೆರವೂ ಸಿಗುತ್ತದೆ. ಮೋಡವಿಲ್ಲದ, ಗಾಳಿ ಕಡಿಮೆಯಿರುವ ದಿನಗಳಲ್ಲಿ, ಅದೇ ಗಿಡಗಳ ಮುಂದೆ, ಅದೇ ಹೊತ್ತಿಗೆ ಎಣಿಸಬೇಕು. ಕತ್ತರಿಸದೆ ಬಿಟ್ಟ ಅಂಚಿನ ಜೊತೆಗೆ ಎಂದಿನಂತೆ ಕತ್ತರಿಸುವ ಒಂದು ಭಾಗವನ್ನೂ ಹೋಲಿಕೆಗಾಗಿ ಇಟ್ಟುಕೊಳ್ಳಿ, ಮತ್ತು ಗುತ್ತಿಗೆ ಬದಲಾಗುವ ಮೊದಲೇ ಎಣಿಕೆ ಆರಂಭಿಸಿ. ಮೊದಲು ಎಷ್ಟಿತ್ತೆಂಬುದು ಕಾಗದದ ಮೇಲೆ ಇಲ್ಲದಿದ್ದರೆ ಆಮೇಲಿನ ಹೆಚ್ಚಳವನ್ನು ಯಾವ ಮಂಡಳಿಯೂ ಒಪ್ಪುವುದಿಲ್ಲ.