ಓದುಗರ ಸ್ಪಂದನ: ‘ಇಲ್ಲದ ಸಂತೋಷವನ್ನು ಹೇಗೆ ತೋರಿಸಲಿ?’

ಪತಿಯನ್ನು ಕಳೆದುಕೊಂಡು ಎರಡು ವರ್ಷ ದಾಟಿರುವ ಹುಬ್ಬಳ್ಳಿಯ ಓದುಗರೊಬ್ಬರು ಕಳೆದ ಸಂಚಿಕೆಯಲ್ಲಿ ಹೀಗೆ ಕೇಳಿದ್ದರು: ‘ಭಾನುವಾರದ ಆರಾಧನೆಯನ್ನು ನಾನು ತಪ್ಪಿಸುವುದಿಲ್ಲ. ಆದರೆ ಸ್ತ್ರೀಯರ ಕೂಟದಲ್ಲಿ ಎದ್ದು ನಿಂತು ಸಂತೋಷದ ಸಾಕ್ಷಿ, ಅಂದರೆ ದೇವರು ನನಗೆ ಮಾಡಿದ್ದನ್ನು ಎಲ್ಲರ ಮುಂದೆ, ಹೇಳಬೇಕೆಂದಾಗ ಬಾಯಿ ಕಟ್ಟಿಹೋಗುತ್ತದೆ. ಇದು ನನ್ನ ವಿಶ್ವಾಸದ ಕೊರತೆಯೇ?’

ಪ್ರಿಯ ಸಹೋದರಿ, ನಿಮ್ಮ ಪತ್ರವನ್ನು ಓದಿದ ರಾತ್ರಿ ಸತ್ಯವೇದದ (ಬೈಬಲ್) ಅಪೊಸ್ತಲರ ಕೃತ್ಯಗಳ 16ನೆಯ ಅಧ್ಯಾಯವನ್ನು ತೆರೆದು ಕುಳಿತೆ. ಯಾವಾಗಲೂ ಸಂತೋಷಿಸಿರಿ ಎಂದು ಅಪೊಸ್ತಲನಾದ ಪೌಲನು ಫಿಲಿಪ್ಪಿ ಊರಿನ ಕ್ರೈಸ್ತ ಸಭೆಯವರಿಗೆ ಬರೆದದ್ದು ಸೆರೆಯಲ್ಲಿದ್ದಾಗ. ಆ ಸಭೆಯವರಿಗೆ ಅವನ ಹಿಂದಿನ ಸೆರೆವಾಸವೂ ಗೊತ್ತಿತ್ತು, ಏಕೆಂದರೆ ಅವರ ಊರಿನಲ್ಲಿಯೇ ಅವನನ್ನೂ ಜೊತೆಗಾರ ಸೀಲನನ್ನೂ ಹೊಡೆಸಿ, ಕಾಲುಗಳಿಗೆ ಕೋಳ ಹಾಕಿಸಿ ಒಳಸೆರೆಯಲ್ಲಿ ಇಟ್ಟಿದ್ದರು. ಅವರಿಬ್ಬರೂ ನಡುರಾತ್ರಿ ಹಾಡಿದ ಸಂಗತಿಯನ್ನು ಪ್ರಸಂಗಗಳಲ್ಲಿ ಎಷ್ಟೋ ಸಲ ಕೇಳಿದ್ದೇವೆ. ಸೆರೆಮನೆಯ ಯಜಮಾನನನ್ನು ಮಾತ್ರ ಬೇಗ ಮರೆಯುತ್ತೇವೆ. ಭಯದಿಂದ ನಡುಗುತ್ತ ಒಳಗೆ ಓಡಿಬಂದ ಆ ಮನುಷ್ಯನು ಅದೇ ರಾತ್ರಿ ಅವರ ಗಾಯಗಳನ್ನು ತೊಳೆದು, ದೀಕ್ಷಾಸ್ನಾನ ಪಡೆದು, ಅವರನ್ನು ಮನೆಗೆ ಕರೆತಂದು ಊಟಕ್ಕೆ ಬಡಿಸಿದನು. ಮನೆಯವರೆಲ್ಲರ ಜೊತೆ ಅವನು ಸಂತೋಷಪಟ್ಟನೆಂಬ ಮಾತು ಬರುವುದು ಇಷ್ಟೆಲ್ಲ ಆದ ಮೇಲೆ. ಅವನು ನಾಲ್ಕು ಜನರ ಮುಂದೆ ನಿಂತು ಏನನ್ನಾದರೂ ಹೇಳಿದನೆಂದು ಅಲ್ಲಿ ಬರೆದಿಲ್ಲ. ಸಂತೋಷವನ್ನು ಬಾಯಿಮಾತಿನಲ್ಲಿಯೇ ತೋರಿಸಬೇಕೆಂಬ ಒತ್ತಾಯ ನಮ್ಮ ಕೂಟಗಳದ್ದು, ಸತ್ಯವೇದದ್ದಲ್ಲ. ಗಲಾತ್ಯದವರಿಗೆ ಬರೆದ ಪತ್ರವು ಸಂತೋಷವನ್ನು ಆತ್ಮನ ಫಲವೆಂದು ಕರೆಯುತ್ತದೆ. ಗದರಿಸಿದರೆ ಯಾವ ಮರವೂ ಕಾಯಿ ಬಿಡುವುದಿಲ್ಲವಲ್ಲ!
— ನಿವೃತ್ತ ಶಿಕ್ಷಕರು, ಧಾರವಾಡ

ಅಕ್ಕಾ, ನಮ್ಮ ಅಮ್ಮನ ವಿಷಯವನ್ನು ಹೇಳಬೇಕೆನಿಸಿತು. ಕರಾವಳಿಯ ಕಥೋಲಿಕರಾದ ನಮಗೆ ಸೆಪ್ಟೆಂಬರ್ 8 ಮೊಂತಿ ಹಬ್ಬ, ಮಾತೆ ಮರಿಯಮ್ಮನವರ ಹುಟ್ಟಿದ ದಿನ. ಅದಕ್ಕೆ ಮುಂಚಿನ ಒಂಬತ್ತು ದಿನ ಮಕ್ಕಳು ಇಗರ್ಜಿಗೆ ಹೂ ತಂದು ಅರ್ಪಿಸುತ್ತಾರೆ. ಹಬ್ಬದಂದು ಆಶೀರ್ವದಿಸಿ ಕೊಟ್ಟ ಭತ್ತದ ತೆನೆಯನ್ನು ಮನೆಗೆ ತಂದು, ಕಾಳು ಸುಲಿದು, ಹಾಲಿನಲ್ಲೋ ಪಾಯಸದಲ್ಲೋ ಬೆರೆಸಿ ಎಲ್ಲರೂ ಹಂಚಿಕೊಳ್ಳುತ್ತೇವೆ. ಅಪ್ಪ ತೀರಿಕೊಂಡ ವರ್ಷ ಅಮ್ಮ ಹಬ್ಬವೇ ಬೇಡವೆಂದಿದ್ದರು. ಆದರೆ ಪಕ್ಕದ ಮನೆಯ ಪುಟ್ಟ ಹುಡುಗಿ ಖಾಲಿ ಬುಟ್ಟಿ ಹಿಡಿದು ಬಾಗಿಲಿಗೆ ಬಂದಾಗ ಇಲ್ಲವೆನ್ನಲಾರದೆ ಅಂಗಳಕ್ಕೆ ಇಳಿದು ದಾಸವಾಳ ಕೊಯ್ದು ಕೊಟ್ಟರು. ಆ ಮಗು ಒಂಬತ್ತು ದಿನವೂ ಬಂದಿತು. ಕೊನೆಕೊನೆಗೆ ಅಮ್ಮನೇ ಮಳೆಗೆ ಮುಂಚೆ ಎದ್ದುಹೋಗಿ ಹೂ ಕೊಯ್ದಿಡುತ್ತಿದ್ದರು. ಹಬ್ಬದ ದಿನ ತೆನೆಯನ್ನು ಮಡಿಲಲ್ಲಿ ಇಟ್ಟುಕೊಂಡು, ಉಗುರಿನಿಂದ ಒಂದೊಂದೇ ಕಾಳಿನ ಹೊಟ್ಟು ಬಿಡಿಸುತ್ತ ಕುಳಿತಿದ್ದರು. ಕಣ್ಣು ತುಂಬಿತ್ತು, ಕೈ ನಿಂತಿರಲಿಲ್ಲ. ಗಲ್ಫ್‌ನಲ್ಲಿದ್ದ ಅಣ್ಣನಿಗಾಗಿ ಏಳು ಕಾಳುಗಳನ್ನು ಬೇರೆಯಾಗಿ ಎತ್ತಿಟ್ಟು, ಕಾಗದದಲ್ಲಿ ಮಡಚಿ ಲಕೋಟೆಗೆ ಹಾಕಿ, ನಾಲಿಗೆಯಿಂದ ಅಂಟಿಸಿ, ಮೇಲೆ ವಿಳಾಸ ಬರೆದರು. ಅಪ್ಪ ಹೋದ ಮೇಲೆ ಅವರು ಪೆನ್ನು ಹಿಡಿದದ್ದು ಅದೇ ಮೊದಲು. ಅಂದು ಆ ಮನೆಯಲ್ಲಿ ಸಂತೋಷವಿರಲಿಲ್ಲವೆಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.
— ಗೃಹಿಣಿ, ಬೆಳ್ತಂಗಡಿ

ಸಹೋದರಿಯವರೇ, ನಾನು ಇಪ್ಪತ್ತು ವರ್ಷಗಳಿಂದ ನರ್ಸ್ ಆಗಿದ್ದೇನೆ. ಒಂದು ಮಾತನ್ನು ನೇರವಾಗಿ ಕೇಳುತ್ತೇನೆ. ರಾತ್ರಿ ನಿದ್ದೆ ಬರುತ್ತಿದೆಯೇ? ಊಟ ಸೇರುತ್ತಿದೆಯೇ? ವಾರಗಟ್ಟಲೆ ಇವೆರಡೂ ಇಲ್ಲವಾಗಿದ್ದರೆ ಅದನ್ನು ವಿಶ್ವಾಸದ ಲೆಕ್ಕಕ್ಕೆ ಸೇರಿಸದೆ ವೈದ್ಯರಿಗೆ ತೋರಿಸಿರಿ. ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಹಗಲಾದರೂ ರಾತ್ರಿಯಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಪ್ರಾರ್ಥಿಸುವವರು ಮನಸ್ಸಿನ ಕಾಯಿಲೆಗೆ ಔಷಧ ತೆಗೆದುಕೊಳ್ಳಬಾರದೆಂದು ಹೇಳಿ ನೊಂದವರನ್ನು ಇನ್ನಷ್ಟು ನೋಯಿಸುವವರನ್ನು ಕಂಡಿದ್ದೇನೆ. ಅಂಥ ಮಾತಿಗೆ ದಯವಿಟ್ಟು ಕಿವಿಗೊಡಬೇಡಿರಿ.

ಕೂಟದ ಹಿರಿಯರಿಗೆ, ಸದ್ಯಕ್ಕೆ ಸಾಕ್ಷಿ ಹೇಳಲಾರೆ, ಆದರೆ ಕೂಟಕ್ಕೆ ಬರುತ್ತೇನೆ ಎಂದು ಮೊದಲೇ ತಿಳಿಸಿರಿ. ಅದೂ ಕಷ್ಟವೆನಿಸಿದರೆ ಸತ್ಯವೇದದ 13ನೆಯ ಕೀರ್ತನೆ ಇದೆ. ಆರೇ ವಚನಗಳು. ಎಷ್ಟು ಕಾಲ ನನ್ನನ್ನು ಮರೆತಿರುವೆ ಎಂದು ದೇವರನ್ನೇ ಕೇಳುತ್ತ ಅದು ಆರಂಭವಾಗುತ್ತದೆ. ನಿಮ್ಮ ಸರದಿ ಬಂದಾಗ ಅದನ್ನು ಓದಿ ಕುಳಿತುಕೊಳ್ಳಿರಿ.
— ನರ್ಸ್, ಮೈಸೂರು