ವಿಶ್ವಕಪ್ಪಿಗೆ ಬಾರದ ತಂಡ ‘ಅನರ್ಹ’ವೇ?

ಎಲ್ಲರಿಗೂ ನಮಸ್ಕಾರ.

ಫುಟ್‌ಬಾಲ್ ವಿಶ್ವಕಪ್ಪಿಗೆ ಒಂದು ದೇಶ ‘ಕ್ವಾಲಿಫೈ ಆಗಲಿಲ್ಲ’ ಅನ್ನುವುದನ್ನು ಕನ್ನಡದಲ್ಲಿ ಹೇಗೆ ಹೇಳುತ್ತೀರಿ? ‘ಕ್ವಾಲಿಫೈ ಆಯ್ತು’ ಅನ್ನುವುದಕ್ಕೆ ಕಷ್ಟವಿಲ್ಲ. ‘ಅರ್ಹತೆ ಪಡೆಯಿತು’ ಅಂತ ಪತ್ರಿಕೆಗಳು ಬರೆದು ಬರೆದು ರೂಢಿಯಾಗಿದೆ. ತೊಂದರೆ ಇರುವುದು ‘ಇಲ್ಲ’ ಅನ್ನುವಾಗ.

ನಾನಿರುವುದು ಸುಂಟಿಕೊಪ್ಪದ ಹತ್ತಿರ. ಕೊಡಗು ಅಂದ ತಕ್ಷಣ ಹೊರಗಿನವರಿಗೆ ಹಾಕಿ ನೆನಪಾಗುತ್ತದೆ. ಆದರೆ ನಮ್ಮ ಕಡೆ ಫುಟ್‌ಬಾಲ್ ಹುಚ್ಚೂ ಕಮ್ಮಿಯಿಲ್ಲ, ಇಲ್ಲಿನ ಗೋಲ್ಡ್ ಕಪ್ ಪಂದ್ಯ ನೋಡಿದವರಿಗೆ ಗೊತ್ತು. 2026ರ ವಿಶ್ವಕಪ್ಪಿಗೆ ಯಾರು ಯಾರು ಬಂದರು, ಯಾರು ಬರಲಿಲ್ಲ ಅಂತ ನಮ್ಮ ಯುವಕ ಸಂಘದ ಹುಡುಗರು ಒಂದು ಚಾರ್ಟ್ ಮಾಡಿ ಗೋಡೆಗೆ ಅಂಟಿಸಿದರು. ಎಡಗಡೆ ಹಸಿರು ಸ್ಕೆಚ್ ಪೆನ್ನಿನಲ್ಲಿ ‘ಅರ್ಹ ತಂಡಗಳು’. ಬಲಗಡೆ ಕೆಂಪಿನಲ್ಲಿ ‘ಅನರ್ಹ ತಂಡಗಳು’. ಕೆಂಪಿನ ಕೆಳಗೆ ಮೊದಲ ಹೆಸರು ಭಾರತ. ಆಮೇಲೆ ಚೀನಾ, ನೈಜೀರಿಯಾ, ಚಿಲಿ, ಪೆರು.

ಕಾಫಿ ಕೊಯ್ಲಿನ ಸಮಯ. ಸಂಜೆ ತೂಕ ಮುಗಿಸಿ ಬಂದ ಪಕ್ಕದ ಎಸ್ಟೇಟಿನ ರೈಟರ್ (ಲೆಕ್ಕ ಬರೆಯುವವರು) ನಿಂತು ಓದಿದರು. ‘ಇದೇನ್ರೋ, ಮತ್ತೆ ಬ್ಯಾನ್ ಮಾಡಿದ್ರಾ ನಮ್ಮನ್ನ?’ ಅಂದರು. ಹುಡುಗರು ನಕ್ಕರು. ನನಗೆ ನಗು ಬರಲಿಲ್ಲ, ಯಾಕಂದರೆ ಅವರು ಕೇಳಿದ್ದು ಸರಿಯಾಗಿಯೇ ಇತ್ತು. 2022ರ ಆಗಸ್ಟಿನಲ್ಲಿ ವಿಶ್ವ ಫುಟ್ಬಾಲ್ ಸಂಸ್ಥೆ ಫಿಫಾ ಭಾರತದ ಫೆಡರೇಷನ್ನನ್ನು ಕೆಲವು ದಿನ ಅಮಾನತು ಮಾಡಿತ್ತಲ್ಲ. ಇನ್ನು ‘ಅನರ್ಹ’ ಅನ್ನುವ ಮಾತು ನಮ್ಮ ರಾಜ್ಯದಲ್ಲಿ ಮನೆಮಾತಾಗಿದ್ದೇ 2019ರಲ್ಲಿ, ಸ್ಪೀಕರ್ ಹದಿನೇಳು ಶಾಸಕರನ್ನು ಅನರ್ಹಗೊಳಿಸಿದಾಗ. ಅಲ್ಲಿಂದ ಈಚೆಗೆ ‘ಅನರ್ಹ’ ಅಂದರೆ ಏನೋ ಮಾಡಿ ಸಿಕ್ಕಿಬಿದ್ದವನು ಅಂತಲೇ ಕಿವಿಗೆ ಕೇಳುತ್ತದೆ.

ಭಾರತ ಏನೂ ಮಾಡಿ ಸಿಕ್ಕಿಬಿದ್ದಿಲ್ಲ. ಆಡಿತು, ಸಾಲಲಿಲ್ಲ, ಅಷ್ಟೆ. ಏಷ್ಯಾದ ಎರಡನೇ ಸುತ್ತಿನಲ್ಲಿ 36 ತಂಡ, ನಾಲ್ಕು ನಾಲ್ಕರ ಒಂಬತ್ತು ಗುಂಪು. ಭಾರತದ ಗುಂಪಿನಲ್ಲಿ ಕತಾರ್, ಕುವೈತ್, ಅಫ್ಘಾನಿಸ್ತಾನ. ಮೊದಲ ಎರಡು ಸ್ಥಾನದವರು ಮುಂದಕ್ಕೆ. 2023ರ ನವೆಂಬರಿನಲ್ಲಿ ಕುವೈತ್‌ಗೇ ಹೋಗಿ 1-0 ಗೆದ್ದು ಬಂದಾಗ ಇಲ್ಲಿ ಎಲ್ಲರಿಗೂ ಆಸೆ ಹುಟ್ಟಿತ್ತು. ಆಮೇಲೆ ಗುವಾಹಟಿಯಲ್ಲಿ ಅಫ್ಘಾನಿಸ್ತಾನದ ಕೈಯಲ್ಲಿ 1-2 ಸೋತರು. ಕೋಲ್ಕತ್ತದಲ್ಲಿ ಕುವೈತ್ ಎದುರು ಗೋಲೇ ಬರಲಿಲ್ಲ. ಅದು ಸುನಿಲ್ ಚೆಟ್ರಿಯ ವಿದಾಯದ ಪಂದ್ಯ ಅಂತಲೇ ಆಗ ಆಡಿದ್ದು. ಕೊನೆಯ ಪಂದ್ಯ 2024ರ ಜೂನ್ 11ರಂದು ದೋಹಾದಲ್ಲಿ. ಛಾಂಗ್ಟೆ ಗೋಲು ಹೊಡೆದು ಭಾರತ ಮುಂದಿತ್ತು. ಚೆಂಡು ಗೆರೆ ದಾಟಿ ಹೊರಗೆ ಹೋಗಿದ್ದನ್ನು ಒಳಗೆಳೆದು ಕತಾರ್ ಗೋಲು ಮಾಡಿತು, ರೆಫರಿ ಕೊಟ್ಟರು, ಆ ಹಂತದಲ್ಲಿ ವಿಎಆರ್ (ವಿಡಿಯೊ ನೋಡಿ ತೀರ್ಪು ಪರೀಕ್ಷಿಸುವ ವ್ಯವಸ್ಥೆ) ಇರಲಿಲ್ಲ. ಪಂದ್ಯ 2-1 ಹೋಯಿತು. ಭಾರತಕ್ಕೆ 5 ಪಾಯಿಂಟ್, ಕುವೈತ್‌ಗೆ 7. ಅವತ್ತು ಗೆದ್ದಿದ್ದರೆ ಭಾರತಕ್ಕೆ 8 ಆಗುತ್ತಿತ್ತು.

ಇದಕ್ಕೆ ‘ಅನರ್ಹ’ ಅಂತ ಹೇಗೆ ಬರೆಯುವುದು? ಸಂಘದ ಹುಡುಗನೊಬ್ಬ ಚೆನ್ನಾಗಿ ಹೇಳಿದ: ‘ಅರ್ಹರೇ ಆಗಿದ್ವಿ ಅಣ್ಣ, ಅರ್ಹತೆ ಸಿಗಲಿಲ್ಲ.’

ನಿಜವಾಗಿ ‘ಅನರ್ಹ’ ಅನ್ನುವ ಪದ ಬೇಕಾಗುವ ಜಾಗಗಳೂ ಇದೇ ಅರ್ಹತಾ ಪಂದ್ಯಗಳಲ್ಲಿ ಇವೆ, ಅದೇ ಫಜೀತಿ. ರಷ್ಯಾವನ್ನು 2022ರಿಂದ ಫಿಫಾ ಆಡಲು ಬಿಟ್ಟಿಲ್ಲ. ಅದನ್ನು ‘ನಿಷೇಧ’ ಅಥವಾ ‘ಅಮಾನತು’ ಅಂದರೆ ಸಾಕು. ಆದರೆ ದಕ್ಷಿಣ ಆಫ್ರಿಕಾದ ಕಥೆ ನೋಡಿ. 2025ರ ಮಾರ್ಚಿನಲ್ಲಿ ಲೆಸೊಥೊ ಎದುರು 2-0 ಗೆದ್ದರು. ಆದರೆ ಎರಡು ಹಳದಿ ಕಾರ್ಡ್ ಸಿಕ್ಕಿ ಆ ಪಂದ್ಯಕ್ಕೆ ಹೊರಗೆ ಕೂರಬೇಕಿದ್ದ ಒಬ್ಬನನ್ನು ಆಡಿಸಿಬಿಟ್ಟಿದ್ದರು. ಫಿಫಾ ಫಲಿತಾಂಶ ತಿರುಗಿಸಿ ಲೆಸೊಥೊಗೆ 3-0 ಗೆಲುವು ಕೊಟ್ಟಿತು. ಅವನು ‘ಅನರ್ಹ ಆಟಗಾರ’, ಬೇರೆ ಮಾತಿಲ್ಲ. ಅಷ್ಟಾದರೂ ದಕ್ಷಿಣ ಆಫ್ರಿಕಾ ಅಕ್ಟೋಬರಿನಲ್ಲಿ ಗುಂಪಿಗೆ ಮೊದಲು ಬಂದು ವಿಶ್ವಕಪ್ಪಿಗೆ ಹೋಯಿತು. ಅದೇ ಗುಂಪಿನಲ್ಲಿ ಯಾವ ತಕರಾರೂ ಇಲ್ಲದೆ ಆಡಿದ ನೈಜೀರಿಯಾ ಆಮೇಲೆ, ಉಳಿದ ಜಾಗಕ್ಕಾಗಿ ನಡೆಯುವ ಪ್ಲೇಆಫ್‌ನಲ್ಲಿ ಡಿಆರ್ ಕಾಂಗೋ ಕೈಯಲ್ಲಿ ಪೆನಾಲ್ಟಿಯಲ್ಲಿ ಸೋತು ಹೊರಗೇ ಉಳಿಯಿತು. ನಮ್ಮ ಚಾರ್ಟಿನ ಲೆಕ್ಕದಲ್ಲಿ ಅನರ್ಹನನ್ನು ಆಡಿಸಿದವರು ಅರ್ಹ, ಸರಿಯಾಗಿ ಆಡಿದವರು ಅನರ್ಹ! ಓದುವವರು ಏನಂದುಕೊಳ್ಳಬೇಕು?

ಅರ್ಹತೆ ಅನ್ನುವುದು ಮನುಷ್ಯನ ತಕ್ಕತನ ಅಳೆಯುವ ಮಾತು. ವಿಶ್ವಕಪ್ಪಿಗೆ ಹೋಗುವುದು ಯಾವತ್ತೂ ಬರೀ ತಕ್ಕತನದಿಂದ ಆಗಿಲ್ಲ. 1930ರಲ್ಲಿ ಅರ್ಹತಾ ಪಂದ್ಯವೇ ಇರಲಿಲ್ಲ, ಕರೆದವರಲ್ಲಿ 13 ತಂಡ ಬಂದವು. 1934ರಲ್ಲಿ ಮನೆಯ ಯಜಮಾನ ಇಟಲಿಯೂ ಗ್ರೀಸ್ ಎದುರು ಆಡಿ ಗೆದ್ದು ಒಳಗೆ ಬರಬೇಕಾಯಿತು. ಆಮೇಲಿಂದ ಆತಿಥೇಯರಿಗೆ ಜಾಗ ಸುಮ್ನೆ ಸಿಗುತ್ತದೆ. ಈ ಸಲ ಅಮೆರಿಕ, ಕೆನಡಾ, ಮೆಕ್ಸಿಕೊ ಮೂವರಿಗೂ. ನಮ್ಮದೇ 1950ರ ಕಥೆ ಎಲ್ಲರಿಗೂ ಗೊತ್ತು. ಎದುರಾಳಿಗಳೆಲ್ಲ ಹಿಂದೆ ಸರಿದರು, ಒಂದೂ ಪಂದ್ಯ ಆಡದೆ ಭಾರತಕ್ಕೆ ಜಾಗ ಬಂತು, ಕೊನೆಗೆ ನಾವೇ ಬ್ರೆಜಿಲ್ಲಿಗೆ ಹೋಗಲಿಲ್ಲ. ನಮ್ಮ ಕಡೆ ಟೂರ್ನಿಗಳಲ್ಲಿ ಇದನ್ನು ‘ವಾಕ್ ಓವರ್’ ಅಂತಲೇ ಕರೆಯುತ್ತಾರೆ, ‘ಅರ್ಹತೆ’ ಅಂತ ಯಾರೂ ಅನ್ನುವುದಿಲ್ಲ.

1958ರ ವೇಲ್ಸ್ ಇನ್ನೂ ಮಜಾ. ಅವರು ತಮ್ಮ ಗುಂಪಿನಲ್ಲಿ ಚೆಕೊಸ್ಲೊವಾಕಿಯಾದ ಹಿಂದೆ ಉಳಿದು ಹೊರಬಿದ್ದಿದ್ದರು. ಅತ್ತ ಇಸ್ರೇಲ್ ಜತೆ ಆಡಲು ಎದುರಾಳಿಗಳು ಯಾರೂ ಬರಲಿಲ್ಲ. ಒಂದೂ ಪಂದ್ಯ ಆಡದೆ ಯಾರೂ ಬರಕೂಡದು ಅಂತ ಫಿಫಾ ಹಟ ಹಿಡಿಯಿತು. ಹೊರಬಿದ್ದವರ ಹೆಸರು ಹಾಕಿ ಚೀಟಿ ಎತ್ತಿದರು, ವೇಲ್ಸ್‌ಗೆ ಅದೃಷ್ಟ ಕುದುರಿತು. ಇಸ್ರೇಲನ್ನು ಎರಡೂ ಸಲ 2-0 ಸೋಲಿಸಿ ವಿಶ್ವಕಪ್ಪಿಗೆ ಹೋಗಿ ಕ್ವಾರ್ಟರ್‌ಫೈನಲ್ ತನಕ ಮುಟ್ಟಿದರು. ಅಲ್ಲಿ ಪೆಲೆಯ ಒಂದು ಗೋಲಿಗೆ ಸೋತರು.

ಚೀಟಿಯ ಮಾತು ಬಂತಲ್ಲ, ಇನ್ನೊಂದು ಪದ ಕೇಳಿಬಿಡುತ್ತೇನೆ: ‘ಡ್ರಾ’. ಪಂದ್ಯ ಸಮ ಆದರೂ ಡ್ರಾ, ಯಾರ ಎದುರು ಯಾರು ಅಂತ ಗೊತ್ತು ಮಾಡಲು ಚೀಟಿ ಎತ್ತಿದರೂ ಡ್ರಾ. ಪತ್ರಿಕೆಯಲ್ಲಿ ‘ವಿಶ್ವಕಪ್ ಡ್ರಾ’ ಅಂತ ತಲೆಬರಹ ನೋಡಿ ಯಾವ ಪಂದ್ಯ ಅಂತ ಹುಡುಕಿದವರಿದ್ದಾರೆ. ಕೊಡಗಿನಲ್ಲಿ ಈ ಗೊಂದಲ ಇಲ್ಲ. ಎದುರಾಳಿ ಯಾರು ಅಂತ ಗೊತ್ತು ಮಾಡುವುದಕ್ಕೆ ಇಲ್ಲಿ ‘ಟೈಸ್ ಹಾಕುವುದು’ ಅಂತಾರೆ. ಹಾಕಿ ಹಬ್ಬಕ್ಕೆ ಮೊದಲು ‘ಟೈಸ್ ಬಿಡುಗಡೆ’ ಅಂತ ಸುದ್ದಿಯೂ ಬರುತ್ತದೆ. ಟೈಸ್ ಕೂಡ ಇಂಗ್ಲಿಷೇ, ಆದರೆ ಇಲ್ಲಿನ ಬಾಯಲ್ಲಿ ಪಳಗಿದೆ. ‘ಚೀಟಿ ಎತ್ತುವುದು’ ಅಂದರೆ ಇನ್ನೂ ಚೆಂದ. ಆದರೆ ಅದಕ್ಕೂ ತಾಪತ್ರಯ ಇದೆ: ‘ಅವನು ಚೀಟಿ ಎತ್ತಿದ’ ಅಂದರೆ ಚೀಟಿ ಫಂಡಿನ ದುಡ್ಡು ಎತ್ತಿದ ಅಂತ ಅರ್ಥ.

ಒಂದೇ ಕಥೆಯಲ್ಲಿ ಎರಡು ಡ್ರಾ ಬಂದರೆ ಬರೆಯುವವನ ಗತಿ ಏನು? 1954ಕ್ಕೆ ಸ್ಪೇನ್ ಮತ್ತು ಟರ್ಕಿ ನಡುವೆ ಆಗಿದ್ದು ಅದೇ. ಮ್ಯಾಡ್ರಿಡ್‌ನಲ್ಲಿ ಸ್ಪೇನ್ 4-1 ಗೆದ್ದಿತು. ಇಸ್ತಾಂಬುಲ್‌ನಲ್ಲಿ ಟರ್ಕಿ 1-0. ಆಗ ಗೋಲುಗಳನ್ನು ಕೂಡಿಸಿ ನೋಡುವ ಪದ್ಧತಿ ಇರಲಿಲ್ಲ, ಒಬ್ಬರಿಗೆ ಒಂದೊಂದು ಗೆಲುವು ಅಂದರೆ ಸಮ. ರೋಮ್‌ನಲ್ಲಿ ಮೂರನೇ ಪಂದ್ಯ ಇಟ್ಟರು, ಅದೂ 2-2. ಕೊನೆಗೆ ಹದಿನಾಲ್ಕು ವರ್ಷದ ಹುಡುಗನೊಬ್ಬನ ಕಣ್ಣಿಗೆ ಬಟ್ಟೆ ಕಟ್ಟಿ ಚೀಟಿ ಎತ್ತಿಸಿದರು. ಟರ್ಕಿ ಬಂತು. ನಾನಾದರೆ ‘ಪಂದ್ಯ ಸಮ, ಚೀಟಿಯಲ್ಲಿ ಟರ್ಕಿ’ ಅಂತ ಬರೆಯುತ್ತೇನೆ. ಡ್ರಾ ಬೇಡವೇ ಬೇಡ.

‘ಸುತ್ತು’ ಕೂಡ ನಮ್ಮ ಕಡೆ ಸ್ವಲ್ಪ ದಾರಿ ತಪ್ಪಿಸುತ್ತದೆ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕೌಟುಂಬಿಕ ಹಾಕಿ ಹಬ್ಬ ನೋಡಿ ಬೆಳೆದವರಿಗೆ ಸುತ್ತು ಅಂದರೆ ಒಂದು ಪಂದ್ಯ. ಸೋತರೆ ಆ ಒಕ್ಕದವರು (ಕುಟುಂಬದವರು) ಪೆವಿಲಿಯನ್ನಿನಲ್ಲಿ ಕೂತು ಮಿಕ್ಕಿದ್ದು ನೋಡಬೇಕು. ‘ಭಾರತ ಎರಡನೇ ಸುತ್ತಿನಲ್ಲಿ ಹೊರಬಿತ್ತು’ ಅಂದರೆ ಒಂದು ಸಂಜೆಯಲ್ಲಿ ಮುಗಿಯಿತು ಅಂದುಕೊಳ್ಳುತ್ತಾರೆ. ಅದು ಆರು ಪಂದ್ಯ, ನವೆಂಬರಿನಿಂದ ಜೂನ್ ತನಕ. ದಕ್ಷಿಣ ಅಮೆರಿಕದಲ್ಲಂತೂ ಹತ್ತೂ ತಂಡ ಒಂದೇ ಪಟ್ಟಿಯಲ್ಲಿ, ಒಬ್ಬೊಬ್ಬರಿಗೆ 18 ಪಂದ್ಯ. ಇದಕ್ಕೆ ‘ಹಂತ’ ಅನ್ನುವುದೇ ವಾಸಿ.

ಈಗ ಮೂಲ ಪ್ರಶ್ನೆಗೆ. ನಮ್ಮಲ್ಲಿ ಮಲಯಾಳ ಪತ್ರಿಕೆ ಓದುವವರು ತುಂಬಾ ಇದ್ದಾರೆ. ಅದರಲ್ಲಿ ಕ್ವಾಲಿಫೈಗೆ ‘ಯೋಗ್ಯತ’ ಅಂತ ಬರೆಯುತ್ತಾರೆ. ‘ಇಂಡ್ಯಕ್ಕ್ ಯೋಗ್ಯತ ಕಿಟ್ಟಿಯಿಲ್ಲ’ ಅಂದರೆ ಅಲ್ಲಿ ಸಾದಾ ಸುದ್ದಿ. ಅದನ್ನೇ ಕನ್ನಡಕ್ಕೆ ತಂದು ‘ಭಾರತಕ್ಕೆ ಯೋಗ್ಯತೆ ಇಲ್ಲ’ ಅಂದರೆ ಜಗಳವಾಗುತ್ತದೆ. ಆದರೆ ಆ ವಾಕ್ಯದ ಕೊನೆಯ ಪದ ಗಮನಿಸಿ. ‘ಕಿಟ್ಟಿ’ ನಮ್ಮ ‘ಗಿಟ್ಟು’ವಿನ ನಂಟನೇ. ‘ಈ ರೇಟಿಗೆ ಕಾಫಿ ಗಿಟ್ಟಲ್ಲ’ ಅಂತ ದಿನಾ ಹೇಳುವ ನಮಗೆ ಅದನ್ನು ಹೇಳಿಕೊಡಬೇಕಾಗಿಲ್ಲ. ‘ಜಾಗ ಗಿಟ್ಟಿತು’, ‘ಜಾಗ ಗಿಟ್ಟಲಿಲ್ಲ’. ಇದರಲ್ಲಿ ಯಾರ ಯೋಗ್ಯತೆಯ ವಿಚಾರಣೆಯೂ ಇಲ್ಲ. ಸಿಕ್ಕಿತೋ ಇಲ್ಲವೋ, ಅಷ್ಟೆ.

ಬೇರೆ ಪದಗಳನ್ನೂ ಹಿಡಿದು ನೋಡಿದೆವು. ‘ಆಯ್ಕೆ’ ಅಂದರೆ ಯಾರೋ ಕೂತು ಆರಿಸಿದ ಹಾಗೆ. ‘ಟಿಕೆಟ್ ಗಿಟ್ಟಿಸಿತು’ ಅಂತ ಕ್ರೀಡಾಪುಟದಲ್ಲಿ ಬರುತ್ತದೆ, ಆದರೆ ಟಿಕೆಟ್ ಅಂದ ಕೂಡಲೇ ಚುನಾವಣೆ. (ನಮ್ಮ ಕ್ರೀಡಾಪುಟದ ಅರ್ಧ ಮಾತು ವಿಧಾನಸೌಧದಿಂದಲೇ ಬರುತ್ತದೋ ಏನೋ.) ‘ತೇರ್ಗಡೆ’ ನನಗೆ ಇಷ್ಟವಾದ ಪದ, ಅಂಕಪಟ್ಟಿಯಲ್ಲಿ ಓದಿದ ನೆನಪು ಎಲ್ಲರಿಗೂ ಇದೆ. ಆದರೆ ಪರೀಕ್ಷೆಯಲ್ಲಿ ನಿಗದಿಯಾದಷ್ಟು ಅಂಕ ತೆಗೆದವರೆಲ್ಲ ಪಾಸು. ಇಲ್ಲಿ ಹಾಗಿಲ್ಲ. ಇದು ಸಿಇಟಿ ಸೀಟಿನ ಹಾಗೆ: ಒಟ್ಟು ಎಷ್ಟು ಸೀಟು, ಯಾರ ಕೋಟಾ ಎಷ್ಟು ಅನ್ನುವುದು ಮೊದಲೇ ಗೊತ್ತು. 48 ಜಾಗದಲ್ಲಿ ಯೂರೋಪಿಗೆ 16, ಆಫ್ರಿಕಾಕ್ಕೆ 9, ಏಷ್ಯಾಕ್ಕೆ 8, ದಕ್ಷಿಣ ಅಮೆರಿಕಕ್ಕೆ 6, ಉತ್ತರ ಮತ್ತು ಮಧ್ಯ ಅಮೆರಿಕಕ್ಕೆ ಆತಿಥೇಯರು ಸೇರಿ 6, ಓಷಿಯಾನಿಯಾಕ್ಕೆ 1. ಉಳಿದ ಎರಡಕ್ಕೆ ಬೇರೆ ಬೇರೆ ಖಂಡದ ಆರು ತಂಡಗಳ ಪ್ಲೇಆಫ್. ಅದಕ್ಕೇ ‘ಜಾಗ’ ಅನ್ನುವುದು ಸರಿ ಹೋಗುತ್ತದೆ.

ಕೆರಿಬಿಯನ್ ದ್ವೀಪ ಕ್ಯುರಸಾವ್‌ಗೂ ಹಾಗೆ ಒಂದು ಜಾಗ ಗಿಟ್ಟಿತು. ಜನಸಂಖ್ಯೆ ಒಂದೂವರೆ ಲಕ್ಷದ ಆಚೀಚೆ, ವಿಶ್ವಕಪ್ಪಿಗೆ ಬಂದವರಲ್ಲಿ ಎಲ್ಲಕ್ಕಿಂತ ಚಿಕ್ಕದು. ಕೊಡಗಿನ ಜನಸಂಖ್ಯೆ 2011ರ ಗಣತಿಯಲ್ಲೇ ಐದೂವರೆ ಲಕ್ಷ ದಾಟಿತ್ತು. ಇದನ್ನು ಚಾರ್ಟಿನ ಮೂಲೆಯಲ್ಲಿ ಬರೆದ ಮೇಲೆ ನಿಂತು ಓದುವವರು ಜಾಸ್ತಿಯಾಗಿದ್ದಾರೆ.

‘ಅರ್ಹತಾ ಪಂದ್ಯ’ ಅನ್ನುವ ಹೆಸರನ್ನು ಕಿತ್ತು ಹಾಕಬೇಕು ಅಂತ ನನ್ನ ವಾದವಲ್ಲ. ಅದು ಬೇರೂರಿದೆ, ಇರಲಿ. ‘ಅನರ್ಹ’ವನ್ನು ಮಾತ್ರ ನಿಯಮ ಮುರಿದವರಿಗೆ ಬಿಟ್ಟು, ಸೋತವರಿಗೆ ‘ಜಾಗ ಗಿಟ್ಟಲಿಲ್ಲ’ ಅನ್ನೋಣ ಅಂತ. ಬರವಣಿಗೆಗೆ ‘ಗಿಟ್ಟು’ ಹಗುರವಾಯಿತು ಅನ್ನುವವರು ಇದ್ದರೆ ಯಾಕೆ ಅಂತ ಹೇಳಿ.

ಕೊನೆಗೊಂದು ಪದ ಹಾಗೇ ಉಳಿದಿದೆ. ‘ಹೋಮ್’ಗೆ ‘ತವರು’ ಚೆನ್ನಾಗಿ ಕೂತಿದೆ. ‘ಅವೇ’ಗೆ? ತವರಿನ ಎದುರು ಪದ ಗಂಡನ ಮನೆ, ಅದನ್ನು ಬರೆಯಲಾಗುವುದಿಲ್ಲ. 1997ರ ನವೆಂಬರಿನಲ್ಲಿ ಇರಾನ್ ಮತ್ತು ಆಸ್ಟ್ರೇಲಿಯಾ ತೆಹ್ರಾನ್‌ನಲ್ಲಿ 1-1, ಮೆಲ್ಬರ್ನ್‌ನಲ್ಲಿ 2-2. ಒಟ್ಟು ಸಮವಾದರೂ ಇರಾನ್ ವಿಶ್ವಕಪ್ಪಿಗೆ ಹೋಯಿತು, ಯಾಕಂದರೆ ಅದು ಎದುರಾಳಿಯ ಊರಲ್ಲಿ ಎರಡು ಗೋಲು ಹೊಡೆದಿತ್ತು, ಆಸ್ಟ್ರೇಲಿಯಾ ಒಂದೇ. ಈ ‘ಅವೇ ಗೋಲ್’ ಅನ್ನುವುದನ್ನು ‘ಪರನೆಲದ ಗೋಲು’ ಅಂತ ಬರೆದರೆ ಯುದ್ಧದ ವರದಿ ಆಗುತ್ತದೆ. ‘ಹೊರ ಊರಿನ ಗೋಲು’ ಅಂತ ಸದ್ಯಕ್ಕೆ ಇಟ್ಟುಕೊಂಡಿದ್ದೇನೆ. ಮಂಗಳೂರು, ಧಾರವಾಡದ ಕಡೆ ಕ್ರೀಡೆ ಬರೆಯುವವರು ಏನು ಬಳಸುತ್ತೀರಿ?